ಎಂಜಿನ್ನಿನ ತಾಳಭಂಗವೂ ಅದರ ನಿದಾನವೂ

ಹಳೆಯ ಮೋಟಾರು ಕಾರನ್ನು ಇಂದಿಗೂ ಜೋಪಾನವಾಗಿ ಇರಿಸಿಕೊಂಡಿರುವವರಿಗೆ ‘ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ’ ಎಂಬ ಮಾತು ಹೊಸದಲ್ಲ. ಗ್ಯಾರೇಜಿನಲ್ಲಿ ಹುಟ್ಟಿದ ಈ ನುಡಿ ಗ್ರಾಂಥಿಕ ಭಾಷೆಗೆ ಹೊರಗಿನದಾದರೂ ಅದರ ಅರ್ಥ ಮಾತ್ರ ಬಹು ಸ್ಫುಟವಾಗಿದೆ. ಎಂಜಿನ್ನು ನಿಂತುಹೋಗಿಲ್ಲ, ಓಡುತ್ತಲೇ ಇದೆ. ಆದರೆ ಅದರ ನಡೆ ಸಮವಾಗಿಲ್ಲ. ನಿಂತಲ್ಲಿಯೇ ಗಾಡಿ ನಡುಗುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ, ಸೈಲೆನ್ಸರಿನಿಂದ ಆಗಾಗ ‘ಫಟ್’ ಎಂಬ ಸದ್ದು ಹೊರಡುತ್ತದೆ. ಭಾಮಿನೀ ಷಟ್ಪದಿಯನ್ನು ವಾಚಿಸುವಾಗ ಸಾಲಿನಲ್ಲಿ ಒಂದು ಮಾತ್ರೆ ಲೋಪವಾದರೆ, ಛಂದಸ್ಸಿನ ಲಕ್ಷಣಗಳನ್ನು ಓದದ ಶ್ರೋತೃವೂ ‘ಎಲ್ಲೋ ಎಡವಿತು’ ಎಂದು ಅರಿತುಕೊಳ್ಳುತ್ತಾನೆ. ಎಲ್ಲಿ ಎಡವಿತು, ಏಕೆ ಎಡವಿತು ಎಂದು ಹೇಳಬೇಕಾದರೆ ಪ್ರಸ್ತಾರ ಹಾಕಿ ಗಣವಿಭಾಗ ಮಾಡಿಯೇ ನೋಡಬೇಕು. ಎಂಜಿನ್ನಿನ ವಿಷಯವೂ ಹೀಗೆಯೇ. ದೋಷವಿದೆಯೆಂದು ತಿಳಿಯಲು ಕಿವಿ ಸಾಕು. ದೋಷದ ನೆಲೆಯನ್ನು ತಿಳಿಯಲು ಕ್ರಮ ಬೇಕು. ಆ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಎಲ್ಲ ವಾಹನಗಳನ್ನೂ ಒಟ್ಟಿಗೆ ಹಿಡಿದು ಹೇಳಹೊರಟರೆ ವಿಷಯ ಚದುರಿಹೋಗುವುದರಿಂದ ಇಲ್ಲಿ ಅಂಬಾಸಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನೇ ನಿದರ್ಶನವಾಗಿ ಆರಿಸಿಕೊಳ್ಳಲಾಗಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನನುಸರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ 1950ರ ದಶಕದ ಉತ್ತರಾರ್ಧದಿಂದ ತಯಾರಿಸತೊಡಗಿದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ತಯಾರಿಕೆ ನಿಂತರೂ ಕಾರುಗಳು ನಿಂತಿಲ್ಲ. ಕನ್ನಡನಾಡಿನ ಅನೇಕ ಊರುಗಳಲ್ಲಿ ಹಿರಿಯರ ನೆನಪಿಗೆಂದು ಉಳಿಸಿಕೊಂಡ ಅಂಬಾಸಡರುಗಳು ಇನ್ನೂ ಕಾಣಸಿಗುತ್ತವೆ. ಇವುಗಳ ರಚನೆ ಸರಳ. ಇಂದಿನ ಕಾರುಗಳಲ್ಲಿರುವಂತೆ ಇಲ್ಲಿ ಗಣಕಯಂತ್ರವಿಲ್ಲ. ಆದಕಾರಣ ದೋಷ ಬಂದೊಡನೆ ಹೊತ್ತಿಕೊಂಡು ಎಚ್ಚರಿಸುವ ದೀಪವೂ ಇಲ್ಲ. ಕಣ್ಣು, ಕಿವಿ, ಮೂಗು ಮತ್ತು ತರ್ಕ, ಇವೇ ಇಲ್ಲಿಯ ಉಪಕರಣಗಳು.

ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಪ್ರತಿಯೊಂದರಲ್ಲಿಯೂ ಪಿಸ್ಟನ್ನು ಇಳಿಯುತ್ತಾ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಏರುತ್ತಾ ಅದನ್ನು ಒತ್ತುತ್ತದೆ. ಪ್ಲಗ್ಗಿನ ಕಿಡಿ ತಾಗಿ ಹೊತ್ತಿದ ಮಿಶ್ರಣ ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಮತ್ತೆ ಏರುವಾಗ ಪಿಸ್ಟನ್ನು ಸುಟ್ಟ ಹೊಗೆಯನ್ನು ಹೊರದಬ್ಬುತ್ತದೆ. ನಾಲ್ಕು ಸಿಲಿಂಡರುಗಳಿಗೂ ಒಮ್ಮೆಗೇ ಕಿಡಿ ಸಿಗುವುದಿಲ್ಲ. ಒಂದು, ಮೂರು, ನಾಲ್ಕು, ಎರಡು ಎಂಬುದು ಅವುಗಳ ಸರದಿ. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕರ ಸರದಿಯೂ ಮುಗಿದಿರುತ್ತದೆ. ನಿಮಿಷಕ್ಕೆ 600 ಸುತ್ತಿನಂತೆ ನಿಧಾನವಾಗಿ ತಿರುಗುತ್ತಿರುವಾಗಲೂ ಒಂದೊಂದು ಸಿಲಿಂಡರು 300 ಬಾರಿ ಹೊತ್ತಬೇಕು. 3000 ಸುತ್ತಿನ ವೇಗದಲ್ಲಿ ಒಟ್ಟು 6000 ಕಿಡಿಗಳು, ಎಂದರೆ ಸೆಕೆಂಡಿಗೆ 100 ಕಿಡಿಗಳು, ಸರದಿ ತಪ್ಪದೆ ಹಾರಬೇಕು. ಇವುಗಳಲ್ಲಿ ಕೆಲವು ವ್ಯರ್ಥವಾಗುವುದೇ ಮಿಸ್ಸಿಂಗ್. ಮಿಶ್ರಣ ಸರಿಯಾಗಿರಬೇಕು, ಅದು ಸಾಕಷ್ಟು ಒತ್ತಲ್ಪಡಬೇಕು, ತಕ್ಕ ಕ್ಷಣದಲ್ಲಿ ಕಿಡಿ ಬೀಳಬೇಕು. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಹೊರಗೆ ಕೇಳಿಬರುವ ಸದ್ದು ಹೆಚ್ಚು ಕಡಿಮೆ ಒಂದೇ. ಕಷ್ಟವಿರುವುದು ಇಲ್ಲಿಯೇ.

ಗಾಡಿ ಹೇಗಾದರೂ ಓಡುತ್ತಿದೆಯಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ. ಹೊತ್ತದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದು, ಕೆಳಗಿಳಿದು, ಎಂಜಿನ್ ಆಯಿಲ್‌ನೊಡನೆ ಬೆರೆತು ಅದನ್ನು ತೆಳುಮಾಡುತ್ತದೆ. ಎಣ್ಣೆಯ ರಕ್ಷೆಯಿಲ್ಲದ ರಿಂಗುಗಳೂ ಬೇರಿಂಗುಗಳೂ ಅಕಾಲದಲ್ಲಿ ಸವೆಯುತ್ತವೆ. ಹದಿನೈದು ವರ್ಷ ಮೀರಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸಬೇಕಾದರೆ ಅದು ತಪಾಸಣೆಯಲ್ಲಿ ಉತ್ತೀರ್ಣವಾಗಬೇಕು. ಉರಿಯದ ಪೆಟ್ರೋಲನ್ನು ಹೊರಗುಗುಳುವ ಎಂಜಿನ್ನು ಹೊಗೆಯ ಪರೀಕ್ಷೆಯಲ್ಲಿಯೇ ಸೋಲುವುದು ಸಹಜ. ಘಟ್ಟದ ರಸ್ತೆಯಲ್ಲಿ ಮುಂದಿನ ಲಾರಿಯನ್ನು ದಾಟಲು ಬಲಕ್ಕೆ ಹೊರಳಿದ ಕ್ಷಣದಲ್ಲಿ ಎಂಜಿನ್ನು ಮುಗ್ಗರಿಸಿದರೆ ಒದಗುವ ಅಪಾಯವನ್ನಂತೂ ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಅವಸರದ ಚಿಕಿತ್ಸೆಯಿಂದ ಆಗುತ್ತದೆ. ಮೊದಲು ಪ್ಲಗ್ಗು ಬದಲಾಯಿಸುವುದು, ಹೋಗದಿದ್ದರೆ ಕಾಯಿಲ್, ಅದರಿಂದಲೂ ಆಗದಿದ್ದರೆ ಕಾರ್ಬ್ಯುರೇಟರ್, ಕಡೆಗೆ ‘ಹೆಡ್ಡು ಬಿಚ್ಚಬೇಕು, ಬೋರಿಂಗ್ ಮಾಡಿಸಬೇಕು’ ಎಂಬ ತೀರ್ಪು. ಈ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಇದರಿಂದ ಒಮ್ಮೊಮ್ಮೆ ರೋಗ ಗುಣವಾಗುವುದುಂಟು. ಆದರೆ ಯಾವುದರಿಂದ ಗುಣವಾಯಿತೆಂಬುದು ಯಾರಿಗೂ ತಿಳಿಯುವುದಿಲ್ಲ. ಬೆರಳುದ್ದದ ಒಂದು ತಂತಿ ತುಂಡಾಗಿದ್ದುದಕ್ಕೆ ಇಡೀ ಎಂಜಿನ್ನನ್ನು ಕಳಚಿಸಿ ಸಹಸ್ರಾರು ರೂಪಾಯಿ ತೆತ್ತವರೂ ಇದ್ದಾರೆ; ಬೇಸತ್ತು ಗಾಡಿಯನ್ನೇ ಗುಜರಿಗೆ ತೂಗಿಹಾಕಿದವರೂ ಇದ್ದಾರೆ.

ಆಯುರ್ವೇದದಲ್ಲಿ ರೋಗವನ್ನು ತಿಳಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳಿದೆ. (ನಿದಾನ, ನಿಧಾನ ಎಂಬ ಶಬ್ದಗಳಿಗೆ ಇರುವುದು ಒಂದು ಮಹಾಪ್ರಾಣದ ಅಂತರ, ಎಂಜಿನ್ನಿನ ಮುಂದೆ ನಿಂತವನಿಗೆ ಎರಡೂ ಬೇಕು.) ಯಾವುದರಿಂದ ರೋಗ ಶಮನವಾಗುತ್ತದೆ, ಯಾವುದರಿಂದ ಉಲ್ಬಣಿಸುತ್ತದೆ ಎಂಬುದನ್ನು ನೋಡಿ ರೋಗವನ್ನು ಗುರುತಿಸುವುದೇ ಉಪಶಯ. ಈ ಸಾಧನ ಎಂಜಿನ್ನಿಗೆ ಯಥಾವತ್ತಾಗಿ ಒಪ್ಪುತ್ತದೆ. ಸ್ಪ್ಯಾನರು ಹಿಡಿಯುವ ಮೊದಲು ಗಾಡಿಯನ್ನು ಓಡಿಸುವವನನ್ನು ಕೇಳಬೇಕಾದ ಪ್ರಶ್ನೆ ‘ಏನಾಗಿದೆ’ ಎಂಬುದಲ್ಲ, ‘ಯಾವಾಗ ಆಗುತ್ತದೆ’ ಎಂಬುದು.

ನಿಂತಾಗ ನಡುಗುವ ಎಂಜಿನ್ನು ವೇಗ ಹೆಚ್ಚಿದಂತೆ ಸಮವಾಗುತ್ತದೆಯೆ? ಹಾಗಿದ್ದರೆ ಎಲ್ಲಿಂದಲೋ ಹೊರಗಿನ ಗಾಳಿ ಒಳಸೇರುತ್ತಿದೆ, ಇಲ್ಲವೆ ಒಂದು ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. ನಿಂತಾಗ ಗಾಳಿಯ ಅಗತ್ಯ ಸ್ವಲ್ಪವಾದುದರಿಂದ ಕಳ್ಳಗಾಳಿಯ ಪ್ರಭಾವ ದೊಡ್ಡದಾಗುತ್ತದೆ. ವೇಗದಲ್ಲಿ ಅದು ಗಣನೆಗೆ ಬಾರದಂತಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಸಮತಟ್ಟಿನಲ್ಲಿ ಸುಖವಾಗಿ ಓಡಿ ಏರಿನಲ್ಲಿ ಮಾತ್ರ ತಪ್ಪುತ್ತದೆಯೆ? ಆಗ ಶಂಕೆ ಕಿಡಿಯ ಮೇಲೆ ಹೋಗಬೇಕು. ಇದರ ಕಾರಣ ತಿಳಿಯತಕ್ಕದ್ದು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ತುಂಬಿ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟು ಬೇಕು. ಎಲ್ಲಿಯಾದರೂ ತಂತಿಯ ಹೊದಿಕೆ ಬಿರಿದಿದ್ದರೆ ವಿದ್ಯುತ್ತು ಆ ಕಷ್ಟದ ದಾರಿಯನ್ನು ಬಿಟ್ಟು ಸುಲಭದ ದಾರಿಯನ್ನು ಹಿಡಿಯುತ್ತದೆ. ಆಗುಂಬೆಯ ತಿರುವುಗಳಲ್ಲಿ ಕಾಡಿದ ಗಾಡಿ ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ ಸೊಗಸಾಗಿ ಓಡಿ ಯಜಮಾನನನ್ನು ಸುಳ್ಳುಗಾರನನ್ನಾಗಿ ಮಾಡುವುದು ಈ ಕಾರಣದಿಂದಲೇ.

ಮಳೆಯ ದಿನ, ಮಂಜಿನ ಬೆಳಗು ತಪ್ಪಿ, ಬಿಸಿಲೇರಿದ ಮೇಲೆ ಸರಿಹೋಗುವುದಾದರೆ ತೇವವೇ ಕಾರಣ. ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ಪ್ಲಗ್ಗಿನ ತಂತಿಗಳನ್ನೂ ನೋಡತಕ್ಕದ್ದು. ಹತ್ತು ಹದಿನೈದು ನಿಮಿಷ ಓಡಿ ಬಿಸಿಯಾದ ಮೇಲೆ ಎಂಜಿನ್ನು ಸೊರಗಿ, ತಣಿದ ಬಳಿಕ ಏನೂ ಆಗಿಲ್ಲವೆಂಬಂತೆ ಹೊರಟರೆ ಕಾಯಿಲ್ಲಿನ ಒಳಸುರುಳಿ ಕೆಟ್ಟಿರಬಹುದು, ಇಲ್ಲವೆ ಬೇಸಗೆಯ ತಾಪಕ್ಕೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ದಾರಿ ಕಟ್ಟಿರಬಹುದು. ಇವೆರಡನ್ನು ಬೇರ್ಪಡಿಸಲು ಹಿಂದಿನ ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡುತ್ತಿದ್ದರು. ಬಟ್ಟೆ ಹಾಕಿದೊಡನೆ ಗಾಡಿ ಚೇತರಿಸಿಕೊಂಡರೆ ಆವಿಯೇ ಅಪರಾಧಿ. ಇಲ್ಲವಾದರೆ ಕಾಯಿಲ್ಲನ್ನು ಸಂಶಯಿಸುವುದು ನ್ಯಾಯ. ಉಪಶಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಕಾಲ ಮತ್ತು ಸಂದರ್ಭಗಳನ್ನು ಗೊತ್ತುಮಾಡಿಕೊಂಡ ಮೇಲೆ ಸ್ಥಾನನಿರ್ಣಯ. ಇದಕ್ಕೆ ತಾರ್ಕಿಕರ ಅನ್ವಯ-ವ್ಯತಿರೇಕ ಪದ್ಧತಿಯೇ ಆಧಾರ: ಒಂದು ಇದ್ದಾಗ ಇನ್ನೊಂದು ಇರುವುದು, ಅದು ಇಲ್ಲದಿದ್ದಾಗ ಇದೂ ಇಲ್ಲದಿರುವುದು. ಎಂಜಿನ್ನನ್ನು ನಿಂತಲ್ಲಿಯೇ ಓಡಗೊಟ್ಟು, ಒಂದೊಂದೇ ಪ್ಲಗ್ಗಿನ ತಂತಿಯನ್ನು ಕ್ಷಣಕಾಲ ಕಳಚಿ ಮತ್ತೆ ಹಾಕುತ್ತಾ ಹೋಗಬೇಕು. ಆರೋಗ್ಯವಾಗಿರುವ ಸಿಲಿಂಡರಿನ ತಂತಿ ತೆಗೆದರೆ ಎಂಜಿನ್ನು ಒಡನೆಯೇ ಕುಸಿಯುತ್ತದೆ. ಯಾವ ತಂತಿಯನ್ನು ತೆಗೆದರೂ ಹಾಕಿದರೂ ನಡೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲವೋ ಅಲ್ಲಿಯೇ ದೋಷ. ಮೊದಲೇ ದುಡಿಯದಿದ್ದವನು ರಜಾ ಹಾಕಿದರೆ ಯಾರಿಗೂ ತಿಳಿಯುವುದಿಲ್ಲವಷ್ಟೆ! ಈ ತಂತಿಗಳಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತಾದುದರಿಂದ ರಬ್ಬರು ಹಿಡಿಯುಳ್ಳ ಒಳ್ಳೆಯ ಇಕ್ಕಳವಿಲ್ಲದೆ ಕೈಹಾಕಕೂಡದು. ತಂತಿಯನ್ನು ಬಹಳ ಹೊತ್ತು ಹೊರಗಿಡಲೂಕೂಡದು. ಹೆಗಲ ಮೇಲಿನ ಶಲ್ಯವನ್ನು ತೆಗೆದಿಟ್ಟು ಬರುವುದು ಕ್ಷೇಮ. ತಿರುಗುವ ಫ್ಯಾನಿಗೆ ಗೌರವಾಗೌರವಗಳ ವಿವೇಚನೆಯಿಲ್ಲ. ಗಣಕಯಂತ್ರವುಳ್ಳ ಹೊಸ ಕಾರುಗಳಲ್ಲಿ ಈ ಪರೀಕ್ಷೆಯನ್ನು ಮಾಡಲೇಬಾರದು, ಬೆಲೆಬಾಳುವ ಭಾಗಗಳು ಸುಟ್ಟುಹೋಗುವ ಸಂಭವವುಂಟು.

ಈ ಪರೀಕ್ಷೆಯಿಂದ ದೊರೆಯುವ ಉತ್ತರ ಎರಡು ಬಗೆ. ದೋಷ ಒಂದೇ ಸಿಲಿಂಡರಿನಲ್ಲಿ ನೆಲೆನಿಂತಿದ್ದರೆ ಕಾರಣವೂ ಆ ಸಿಲಿಂಡರಿಗೆ ಮಾತ್ರ ಸೇರಿದ ಪ್ಲಗ್ಗು, ತಂತಿ, ವಾಲ್ವು, ರಿಂಗುಗಳಲ್ಲಿರಬೇಕು. ದೋಷ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಅಲೆಯುತ್ತಿದ್ದರೆ ನಾಲ್ಕಕ್ಕೂ ಸಾಮಾನ್ಯವಾದ ಕಾಯಿಲ್, ಪಾಯಿಂಟು, ಕಂಡೆನ್ಸರ್, ರೋಟರ್, ಕಾರ್ಬ್ಯುರೇಟರುಗಳಲ್ಲಿ ಹುಡುಕಬೇಕು. ಈ ಒಂದು ವಿವೇಚನೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಒಂದೇ ಸಿಲಿಂಡರಿನ ದೋಷವಾದರೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೂ ಪಕ್ಕದ್ದನ್ನು ಇಲ್ಲಿಗೂ ಹಾಕಿ ನೋಡುವುದು. ದೋಷ ಪ್ಲಗ್ಗಿನ ಜೊತೆಯಲ್ಲಿಯೇ ಹೋಯಿತೆ? ಪ್ಲಗ್ಗು ಕೆಟ್ಟಿದೆ. ಅಲ್ಲಿಯೇ ಉಳಿಯಿತೆ? ಪ್ಲಗ್ಗು ನಿರ್ದೋಷಿ. ಹೀಗೆ ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸಬೇಕೆಂಬುದು ಇಲ್ಲಿಯ ಮೂಲಸೂತ್ರ. ಎರಡನ್ನು ಒಟ್ಟಿಗೆ ಬದಲಿಸಿದವನು ಪರೀಕ್ಷೆ ಮಾಡಿದಂತಾಗಲಿಲ್ಲ.

ಕಳಚಿದ ಪ್ಲಗ್ಗು ತಾನೇ ಒಂದು ಶಾಸನ, ಓದಲು ಬರಬೇಕಷ್ಟೆ. ತುದಿ ತಿಳಿಯಾದ ಕಂದುಬಣ್ಣಕ್ಕಿದ್ದರೆ ದಹನ ಸರಿಯಾಗಿದೆ. ಒಣ ಮಸಿ ಮೆತ್ತಿದ್ದರೆ ಪೆಟ್ರೋಲು ಅತಿಯಾಗಿದೆ. ಜಿಡ್ಡಾದ ಕಪ್ಪು ಇದ್ದರೆ ಎಂಜಿನ್ ಆಯಿಲ್ ಒಳಗೇರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಅತಿಯಾಗಿ ಕಾದಿದೆ. ಬೆಂಗಳೂರಿನ ಮೈಕೋ ಸಂಸ್ಥೆಯ (2008ರಿಂದ ಇದರ ಹೆಸರು ಬಾಷ್) ಪ್ಲಗ್ಗುಗಳು ಈ ಕಾರುಗಳಲ್ಲಿ ಬಹುವಾಗಿ ಬಳಕೆಯಾದವು. ಯಾವ ತಯಾರಿಕೆಯದಾದರೂ ತುದಿಗಳ ನಡುವಣ ಅಂತರ ಸುಮಾರು 0.025 ಅಂಗುಲ, ಎಂದರೆ 0.6 ಮಿಲಿಮೀಟರಿನಷ್ಟಿರಬೇಕು, ಇದನ್ನು ಕಣ್ಣಳತೆಯಿಂದಲ್ಲ, ಫೀಲರ್ ಗೇಜಿನಿಂದಲೇ ನೋಡತಕ್ಕದ್ದು.

ಡಿಸ್ಟ್ರಿಬ್ಯೂಟರೊಳಗಿನ ಪಾಯಿಂಟು ಈ ಎಂಜಿನ್ನಿನ ಅತ್ಯಂತ ಚಂಚಲವಾದ ಅಂಗ. ಅದು ತೆರೆದಾಗ ಸುಮಾರು 0.015 ಅಂಗುಲದ ಎಡೆಯಿರಬೇಕು. ಅದರ ಮುಖಗಳು ಬೇಗಬೇಗನೆ ಸುಟ್ಟು ಕುಳಿಬೀಳುತ್ತಿದ್ದರೆ ತಪ್ಪು ಪಾಯಿಂಟಿನದಲ್ಲ, ಪಕ್ಕದ ಕಂಡೆನ್ಸರಿನದು. ಪಾಯಿಂಟನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಶಾಫ್ಟನ್ನು ಬೆರಳಿನಿಂದ ಅತ್ತಿತ್ತ ಅಲುಗಿಸಿದಾಗ ಆಡಿದರೆ ಬುಷ್ ಸವೆದಿದೆಯೆಂದು ಅರ್ಥ. ಆಗ ಎಡೆ ಸುತ್ತುಸುತ್ತಿಗೂ ಬದಲಾಗುತ್ತಾ ದೋಷ ಅಲೆದಾಡುತ್ತದೆ. ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಯಿದ್ದರೆ ಅದು ಕೊಳೆಯಲ್ಲ, ವಿದ್ಯುತ್ತು ತಾನೇ ಕೊರೆದುಕೊಂಡ ಕಾಲುದಾರಿ, ಒರೆಸಿದರೆ ಹೋಗುವುದಿಲ್ಲ. ಕತ್ತಲೆಯಲ್ಲಿ ಬಾನೆಟ್ಟು ತೆರೆದು ಎಂಜಿನ್ನು ಓಡಿಸಿದರೆ ಸೋರುವ ತಂತಿಗಳ ಸುತ್ತ ನೀಲಿ ಕಿಡಿಗಳು ಮಿಣುಕುವುದು ಬರಿಗಣ್ಣಿಗೇ ಕಾಣುತ್ತದೆ. ಹಗಲಿನಲ್ಲಿ ಗಂಟೆಗಟ್ಟಲೆ ಹುಡುಕಿದರೂ ಸಿಗದ ದೋಷ ಹೀಗೆ ನಿಮಿಷದಲ್ಲಿ ಸಿಕ್ಕುವುದುಂಟು.

ಹಿಂದೆ ಹೇಳಿದ ಬೆರಳುದ್ದದ ತಂತಿಯೂ ಇಲ್ಲಿಯೇ ಇದೆ. ಪಾಯಿಂಟುಗಳು ಕುಳಿತಿರುವ ತಗಡು ಎಂಜಿನ್ನಿನ ಹೊರೆಗೆ ತಕ್ಕಂತೆ ಅತ್ತಿತ್ತ ಸರಿದು ಕಿಡಿಯ ಕಾಲವನ್ನು ಹಿಂದುಮುಂದು ಮಾಡುತ್ತದೆ. ಅದರೊಡನೆ ಬಾಗುತ್ತಾ ಏಳುತ್ತಾ ಇರುವ ಪುಟ್ಟ ತಂತಿ ವರ್ಷಗಳು ಕಳೆದಂತೆ ಹೊದಿಕೆಯ ಒಳಗೇ ತುಂಡಾಗುತ್ತದೆ. ಹೊರಗೆ ನೋಡಿದರೆ ಅಖಂಡ, ಒಳಗೆ ಖಂಡಿತ. ತಗಡು ಒಂದು ಸ್ಥಾನದಲ್ಲಿದ್ದಾಗ ತುಂಡುಗಳು ತಾಗಿಕೊಂಡಿದ್ದು ಎಂಜಿನ್ನು ಓಡುತ್ತದೆ. ಆಕ್ಸಿಲರೇಟರನ್ನು ಒತ್ತಿದೊಡನೆ ಬೇರ್ಪಟ್ಟು ಮಿಸ್ಸಿಂಗ್ ತೊಡಗುತ್ತದೆ. ಕಾರ್ಬ್ಯುರೇಟರನ್ನು ಬಿಚ್ಚಿಸುವ ಸುಳ್ಳು ಲಕ್ಷಣಗಳಲ್ಲಿ ಇದು ಪ್ರಧಾನ. ತಂತಿಯನ್ನು ಮೆಲ್ಲಗೆ ಎಳೆದುನೋಡಿದರೆ ತುಂಡಾದ ಎಡೆಯಲ್ಲಿ ರಬ್ಬರಿನಂತೆ ಹಿಗ್ಗುತ್ತದೆ.

ಮಿಶ್ರಣದ ವಿಚಾರಕ್ಕೆ ಇಷ್ಟು ವಿಸ್ತಾರ ಬೇಡ. ಕಳ್ಳಗಾಳಿಯನ್ನು ಹಿಡಿಯಲು ಕೆಲವರು ಓಡುವ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮುಕಿಸುವುದುಂಟು. ಇದು ಬೆಂಕಿಯೊಡನೆ ಸರಸ. ಸಾಬೂನು ನೀರನ್ನು ಮ್ಯಾನಿಫೋಲ್ಡಿನ ಸಂದುಗಳಿಗೆ ಹಚ್ಚಿದರೂ ಸಾಕು, ಸೋರುವಲ್ಲಿ ಅದು ಒಳಗೆ ಹೀರಲ್ಪಟ್ಟು ಎಂಜಿನ್ನಿನ ಸದ್ದು ಬದಲಾಗುತ್ತದೆ. ಈ ಎಂಜಿನ್ನಿನಲ್ಲಿ ಒಂದು, ಎರಡನೆಯ ಸಿಲಿಂಡರುಗಳಿಗೆ ಸೇರಿ ಒಂದು ಒಳದಾರಿ, ಮೂರು, ನಾಲ್ಕಕ್ಕೆ ಸೇರಿ ಇನ್ನೊಂದು. ಆದ್ದರಿಂದ ಅಂಥ ಒಂದು ಜೋಡಿ ಕೂಡಿಯೇ ಸೊರಗಿದ್ದರೆ ಆ ಕಡೆಯ ಗ್ಯಾಸ್ಕೆಟ್ಟನ್ನು ಮೊದಲು ನೋಡುವುದು ಯುಕ್ತ. ಎಸ್.ಯು. ಕಾರ್ಬ್ಯುರೇಟರಿರುವ ಗಾಡಿಗಳಲ್ಲಿ ಅದರ ಪಿಸ್ಟನ್ನನ್ನು ಗೋಧಿಕಾಳಿನ ದಪ್ಪಕ್ಕಿಂತಲೂ ಕಡಿಮೆ ಎತ್ತಿನೋಡುವ ಪರೀಕ್ಷೆಯೊಂದಿದೆ. ಎಂಜಿನ್ನಿನ ವೇಗ ಏರಿ ಹಾಗೆಯೇ ಉಳಿದರೆ ಪೆಟ್ರೋಲು ಹೆಚ್ಚು, ಕುಸಿದರೆ ಕಡಿಮೆ, ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೊಂದು ಹೊಸ ಕಾರಣವೂ ಸೇರಿದೆ. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇಕಡಾ 20ಕ್ಕೆ ಏರಿತು. ಹಳೆಯ ಕಾರಿನ ರಬ್ಬರು ಕೊಳವೆಗಳೂ ಪಂಪಿನ ಪಟಲವೂ ಇದಕ್ಕೆಂದು ಮಾಡಿದವಲ್ಲ. ಎಥೆನಾಲು ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಡಬಹುದು. ಅದರಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ಸ್ವಲ್ಪ ತೆಳುವೂ ಆಗುತ್ತದೆ.

ಕಿಡಿ ಮಿಶ್ರಣಗಳೆರಡೂ ಸರಿಯಿದ್ದು ದೋಷ ಉಳಿದರೆ ಮಾತ್ರ ಒಳಗಿನ ಒತ್ತಡವನ್ನು ಸಂಶಯಿಸಬೇಕು. ಇದಕ್ಕೊಂದು ಕಾಸಿನ ಖರ್ಚಿಲ್ಲದ ಪರೀಕ್ಷೆಯುಂಟು. ನಿಂತು ಓಡುತ್ತಿರುವ ಗಾಡಿಯ ಸೈಲೆನ್ಸರಿನ ಬಾಯಿಗೆ ಸಮೀಪದಲ್ಲಿ ಒಂದು ಕಾಗದದ ಹಾಳೆಯನ್ನು ಹಿಡಿಯುವುದು. ಅದು ಹೊರಕ್ಕೆ ಮಾತ್ರ ಬಡಿದುಕೊಂಡರೆ ಒಳ್ಳೆಯದು. ನಡುನಡುವೆ ಕೊಳವೆಯ ಕಡೆಗೆ ಎಳೆಯಲ್ಪಟ್ಟರೆ ಒಂದು ಎಕ್ಸಾಸ್ಟ್ ವಾಲ್ವು ಸುಟ್ಟು ಮುಚ್ಚದಾಗಿರುವ ಸಂಭವ ಹೆಚ್ಚು. ಇದರ ಹಿಂದೆಯೂ ಒಂದು ಚರಿತ್ರೆಯಿದೆ. ಹಿಂದಿನ ಪೆಟ್ರೋಲಿನಲ್ಲಿ ಬೆರೆತಿದ್ದ ಸೀಸ ವಾಲ್ವು ಕುಳಿತುಕೊಳ್ಳುವ ಮಣೆಗೆ ಒಂದು ಬಗೆಯ ಮೆತ್ತೆಯಂತಿತ್ತು. ಜನಾರೋಗ್ಯಕ್ಕೆ ವಿಷಪ್ರಾಯವಾದ ಅದನ್ನು 2000ದ ಫೆಬ್ರವರಿಯಿಂದ ದೇಶದಾದ್ಯಂತ ನಿಲ್ಲಿಸಲಾಯಿತು, ನಿಲ್ಲಿಸಿದ್ದು ಸರಿಯೇ. ಆದರೆ ಬರಿಯ ಬೀಡುಕಬ್ಬಿಣದ ಮಣೆಯುಳ್ಳ ಹಳೆಯ ಎಂಜಿನ್ನುಗಳಲ್ಲಿ ಅಂದಿನಿಂದ ವಾಲ್ವು ಮೆಲ್ಲಮೆಲ್ಲನೆ ಮಣೆಯೊಳಗೆ ಇಳಿಯತೊಡಗಿತು. ಅದು ಇಳಿದಷ್ಟೂ ಟ್ಯಾಪೆಟ್ಟಿನ ಎಡೆ ಕಿರಿದಾಗುತ್ತದೆ; ಎಡೆ ಇಲ್ಲವಾದಾಗ ವಾಲ್ವು ಪೂರ್ತಿ ಮುಚ್ಚದೆ, ತಣಿಯದೆ, ಸುಡುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದಿಲ್ಲದ ಟ್ಯಾಪೆಟ್ಟು ಅಪಾಯಕರವೆಂದು ಹಳೆಯ ಮೇಸ್ತ್ರಿಗಳು ಹೇಳುವುದು ಇದಕ್ಕಾಗಿಯೇ.

ಕಂಪ್ರೆಷನ್ ಗೇಜು ದೊರೆತರೆ ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಅಳೆದು ಹೋಲಿಸುವುದು. ಇಲ್ಲಿ ಅಂಕಿಗಿಂತ ಅಂಕಿಗಳ ಅಂತರವೇ ಮುಖ್ಯ. ಒಂದು ಕಡಿಮೆಯಿದ್ದರೆ ಆ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಸುರಿದು ಮತ್ತೆ ಅಳೆಯಬೇಕು. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು. ಎರಡು ಮತ್ತು ಮೂರನೆಯ ಸಿಲಿಂಡರುಗಳು ಒಟ್ಟಿಗೆ ತಗ್ಗಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆಯೆಂದೇ ಬಹುಮಟ್ಟಿಗೆ ನಿಶ್ಚಯಿಸಬಹುದು. ಹೆಡ್ಡು ಬಿಚ್ಚುವ ಮಾತು ಬರಬೇಕಾದುದು ಇಷ್ಟೆಲ್ಲ ಆದ ಮೇಲೆ.

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಸುಪ್ರಸಿದ್ಧ ಉದಾಹರಣೆ. ಎಂಜಿನ್ನಿನ ಹೊಗೆಯಾದರೋ ಬೆಂಕಿ ಏಕೆ ಸರಿಯಾಗಿ ಹೊತ್ತಲಿಲ್ಲವೆಂಬುದನ್ನು ತಿಳಿಸುತ್ತದೆ. ಕಪ್ಪು ಹೊಗೆ ಅತಿಯಾದ ಪೆಟ್ರೋಲಿನದು, ನೀಲಿ ಹೊಗೆ ಎಂಜಿನ್ ಆಯಿಲ್‌ನದು. ಎಂಜಿನ್ನು ಕಾದ ಮೇಲೆಯೂ ನಿಲ್ಲದ ದಟ್ಟ ಬಿಳಿಯ ಹೊಗೆ ಗ್ಯಾಸ್ಕೆಟ್ಟಿನ ಮೂಲಕ ಒಳನುಗ್ಗಿದ ರೇಡಿಯೇಟರಿನ ನೀರಿನದು. ನೈಯಾಯಿಕರು ಇದನ್ನು ಕಂಡಿದ್ದರೆ ವ್ಯಾಪ್ತಿಲಕ್ಷಣಕ್ಕೆ ಇನ್ನೊಂದು ವಿಶೇಷಣ ಸೇರಿಸುತ್ತಿದ್ದರೋ ಏನೋ.

ದೋಷ ಗೊತ್ತಾದ ಬಳಿಕ ಸರಿಪಡಿಸುವಾಗಲೂ ಅನುಕ್ರಮ ತಪ್ಪಬಾರದು. ಮೊದಲು ಟ್ಯಾಪೆಟ್ಟು, ಆಮೇಲೆ ಪ್ಲಗ್ಗು, ಅನಂತರ ಪಾಯಿಂಟಿನ ಎಡೆ, ಅದಾದ ಮೇಲೆ ಕಿಡಿಯ ಕಾಲ, ಎಲ್ಲಕ್ಕೂ ಕೊನೆಗೆ ಕಾರ್ಬ್ಯುರೇಟರು. ಪಾಯಿಂಟಿನ ಎಡೆ ಬದಲಾದರೆ ಕಿಡಿಯ ಕಾಲವೂ ಬದಲಾಗುವುದರಿಂದ ಈ ಎರಡನ್ನು ಹಿಂದುಮುಂದಾಗಿಸಿದರೆ ಮಾಡಿದ ಕೆಲಸ ಮತ್ತೆ ಕೆಡುತ್ತದೆ. ಕಾರ್ಬ್ಯುರೇಟರನ್ನು ಮೊದಲೇ ತಿರುಗಿಸಿದರೆ ಉಳಿದ ದೋಷಗಳು ಅದರ ಮರೆಯಲ್ಲಿ ಅಡಗಿ ಕುಳಿತುಕೊಳ್ಳುತ್ತವೆ. ಎಲ್ಲ ಮುಗಿದ ಮೇಲೆ ಗಾಡಿಯನ್ನು ಇಪ್ಪತ್ತು ಕಿಲೋಮೀಟರಿನಷ್ಟು, ಸಾಧ್ಯವಾದರೆ ಒಂದು ಏರನ್ನೂ ಹತ್ತಿಸಿ, ಓಡಿಸಿ ತರಬೇಕು. ಎಂಜಿನ್ನು ಆರಿದ ಮೇಲೆ ನಾಲ್ಕು ಪ್ಲಗ್ಗುಗಳನ್ನೂ ಕಳಚಿ, ಒಂದು ಬಿಳಿಯ ಬಟ್ಟೆಯ ಮೇಲೆ ಸರದಿಯಂತೆ ಜೋಡಿಸಿಟ್ಟು, ನಾಲ್ಕರ ತುದಿಯೂ ಒಂದೇ ಕಂದುಬಣ್ಣಕ್ಕಿದೆಯೆ ಎಂದು ನೋಡತಕ್ಕದ್ದು.